ಕೀ ಮಾಮನ ಪಾರ್ಕಿಂಗ್

ಜನವರಿ 9

ಪ್ರೀತಿಯ ಗುಬ್ಬಿ,

ಅತ್ತಿಗೆ ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳೋಣವೆಂದರೆ ಪಾರ್ಕಿಂಗ್ ಬೂತಿನಲ್ಲಿ ಹಾರ್ನಿನ ಸದ್ದಿಗೆ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಮನೆಗೆ ಬಂದರೆ ನಿಮ್ಮಣ್ಣ ಪಕ್ಕದಲ್ಲೇ ಇರುತ್ತಾರೆ. ನಿನ್ನ ಸಲಹೆ ಕೇಳುತ್ತಿರುವುದು ಈಗಲೇ ಅವರ ಕಿವಿಗೆ ಬೀಳುವುದು ಬೇಡ.

ನಮ್ಮ ಪಾರ್ಕಿಂಗ್ ಜಾಗಕ್ಕೆ ಒಂದು ಸಿಸ್ಟಮ್ ಹಾಕಿಸಬೇಕಾಗಿದೆ. ಆಸ್ಪತ್ರೆಯವರು ಹೊಸ ಕಟ್ಟಡ ಎಬ್ಬಿಸಿದ ಮೇಲೆ ಬರುವ ಕಾರುಗಳಿಗೆ ಲಗಾಮಿಲ್ಲ. ಜಾಗ ಅವರದು, ನಾವು ಬರೀ ನೋಡಿಕೊಳ್ಳುವವರು. ಜೂನ್ ಒಳಗೆ ಒಂದು ಶಿಸ್ತಿಗೆ ತರದಿದ್ದರೆ ಬೇರೆಯವರಿಗೆ ವಹಿಸಬೇಕಾಗುತ್ತದೆ ಎಂದು ಅವರ ಆಡಳಿತಾಧಿಕಾರಿ ಬಂದು ಮೆತ್ತಗೆ ಹೇಳಿ ಹೋದರು. ಮೆತ್ತಗೆ ಹೇಳುವವರನ್ನು ಕಂಡರೇ ನನಗೆ ಹೆಚ್ಚು ಭಯ.

ಇಲ್ಲಿ ಹೇಗೆ ನಡೆಯುತ್ತದೆಂದು ನಿನಗೆ ಗೊತ್ತಲ್ಲ. ಬಂದವರು ಕೀ ಕೊಟ್ಟು ಒಳಗೆ ಓಡುತ್ತಾರೆ. ನಿಮ್ಮಣ್ಣ ಕಾರುಗಳನ್ನು ಒಂದರ ಹಿಂದೊಂದು ಒತ್ತಿ ನಿಲ್ಲಿಸಿ, ಕೀಯನ್ನು ಹಲಗೆಯ ಮೊಳೆಗೆ ಸಿಕ್ಕಿಸುತ್ತಾರೆ. ಚೀಟಿಯಿಲ್ಲ, ನಂಬರಿಲ್ಲ. ಮುಖ ನೋಡಿದರೆ ಸಾಕು, ಕೈ ತಾನಾಗಿ ಸರಿಯಾದ ಮೊಳೆಗೆ ಹೋಗುತ್ತದೆ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವರು ಕೀ ಮಾಮ. ಆದರೆ ಈಚೆಗೆ ಮೊಣಕಾಲು ನೋವು. ಅಷ್ಟು ಸಲ ಕಾರು ಹತ್ತಿ ಇಳಿಯುವುದು ಅವರಿಗೆ ಕಷ್ಟವಾಗುತ್ತಿದೆ.

ಮೂರು ಕಂಪನಿಯವರು ಬಂದು ಹೋದರು. ಮೊದಲನೆಯವನದು ಕ್ಯಾಮರಾ: ನಂಬರ್ ಪ್ಲೇಟ್ ಓದುತ್ತದೆ, ಗೇಟಿನ ಅಡ್ಡಗಂಬ ತಾನೇ ಏಳುತ್ತದೆ, ಯಂತ್ರಕ್ಕೆ ದುಡ್ಡು ಕಟ್ಟಿ ಹೋಗುವುದು. ಮನುಷ್ಯರೇ ಬೇಡ ಎಂದು ಅವನು ನಮ್ಮಿಬ್ಬರ ಮುಖ ನೋಡಿಕೊಂಡೇ ಹೇಳಿದ. ಎರಡನೆಯವನದು ಚೀಟಿ ಕೊಡುವ ಪೆಟ್ಟಿಗೆ. ಏನು ಕೇಳಿದರೂ "ವಿಚಾರಿಸಿ ಹೇಳ್ತೀನಿ" ಅನ್ನುವ ಪುಣ್ಯಾತ್ಮ. ಮೂರನೆಯವನದು ಬಸ್ ಕಂಡಕ್ಟರ್ ಕೈಯಲ್ಲಿರುವಂಥ ಮಿಷನ್ನು.

ನೀನು ಅಷ್ಟು ದೊಡ್ಡ ಮಳಿಗೆಯ ನೆಲಮಾಳಿಗೆಯಲ್ಲಿ ಇದೇ ಯಂತ್ರಗಳ ನಡುವೆ ಕೆಲಸ ಮಾಡುವವಳು. ಯಾವುದು ಒಳ್ಳೆಯದು ಹೇಳು.

ನಿನ್ನ
ಅತ್ತಿಗೆ


ಜನವರಿ 20

ಪ್ರೀತಿಯ ಅತ್ತಿಗೆಗೆ,

ನಿಮ್ಮ ಕಾಗದವನ್ನು ಕಂಟ್ರೋಲ್ ರೂಮಿನಲ್ಲೇ ಓದಿದೆ. ಮಧ್ಯೆ ಎರಡು ಸಲ ಬೆಲ್ ಹೊಡೆಯಿತು. ನನ್ನ ಕೆಲಸವೇ ಅದು. ಗೇಟಿನಲ್ಲಿ ಸಿಕ್ಕಿಹಾಕಿಕೊಂಡವರು ಕೆಂಪು ಗುಂಡಿ ಒತ್ತುತ್ತಾರೆ, ನಾನು ಇಲ್ಲಿಂದ "ಹೇಳಿ, ಏನಾಯ್ತು?" ಅನ್ನುತ್ತೇನೆ. ಚೀಟಿ ಕಳೆದುಕೊಂಡವರು, ಯಂತ್ರ ನೋಟು ನುಂಗಿತೆಂದು ಕೂಗುವವರು. ಒಬ್ಬರಂತೂ ಊಟದ ಬಿಲ್ಲನ್ನು ತೂರಿಸಿ ಗೇಟು ತೆಗೆಯುತ್ತಿಲ್ಲವೆಂದು ಜಗಳಕ್ಕೆ ನಿಂತಿದ್ದರು.

ಯಂತ್ರ ನೋಡುವ ಮೊದಲು ಮಾರುವವರನ್ನು ಕೆಲವು ಮಾತು ಕೇಳಿ. ಕರೆಂಟ್ ಹೋದರೆ ಅಡ್ಡಗಂಬ ಕೈಯಲ್ಲಿ ಏಳುತ್ತದಾ? ಆಂಬ್ಯುಲೆನ್ಸ್ ಬಂದರೆ ಏನು ಮಾಡುತ್ತದೆ? ಇಂಟರ್ನೆಟ್ ನಿಂತರೆ ಪಾರ್ಕಿಂಗೂ ನಿಲ್ಲುತ್ತದಾ? ಕೆಟ್ಟಾಗ ಬರುವ ರಿಪೇರಿಯವನು ನಿಮ್ಮ ಊರಲ್ಲೇ ಇದ್ದಾನಾ ಅಥವಾ ಫೋನಿನಲ್ಲೇ ಇದ್ದಾನಾ? ಎಲ್ಲದಕ್ಕೂ ಥಟ್ಟನೆ "ಆಗುತ್ತೆ ಮೇಡಂ" ಅನ್ನುವವನನ್ನು ನಂಬಬೇಡಿ. "ವಿಚಾರಿಸಿ ಹೇಳ್ತೀನಿ" ಅನ್ನುವವನು ವಾಸಿ.

ಇನ್ನೊಂದು ಮಾತು. ನಿಮ್ಮದು ಅಂಗಡಿಗೆ ಬರುವ ಜನ ಅಲ್ಲ, ಆಸ್ಪತ್ರೆಗೆ ಬರುವ ಜನ. ಅವರ ತಲೆಯಲ್ಲಿ ನೂರು ಯೋಚನೆ ಇರುತ್ತದೆ. ಗುಂಡಿ ಒತ್ತಿದರೆ ಉತ್ತರ ಕೊಡಲು ಒಬ್ಬರು ಇರಲೇಬೇಕು. ಯಂತ್ರ ಬಂದ ಮೇಲೆ ಅಣ್ಣ ಎಲ್ಲಿ ಕೂರುತ್ತಾನೆ ಅತ್ತಿಗೆ? ಅದನ್ನು ನೀವು ಬರೆದಿಲ್ಲ.

ನೀವು ಮದುವೆಯಾಗಿ ಬಂದಾಗ ನಾನು ಲಂಗ ಹಾಕುವ ಹುಡುಗಿ. ಕಾಲೇಜು ಬೇಡ ಅಂದ ಅಪ್ಪನ ಮುಂದೆ ನಿಂತು "ಅವಳು ಓದ್ತಾಳೆ, ಮನೆಕೆಲಸ ನಾನು ನೋಡ್ಕೋತೀನಿ" ಅಂದವರು ನೀವು. ಈ ಕುರ್ಚಿ ನೀವು ಕೊಡಿಸಿದ್ದು. ನನ್ನನ್ನು ಏನಾದರೂ ಕೇಳುವುದಕ್ಕೆ ನಿಮಗೆ ಸಂಕೋಚ ಬೇಡ. ಹೇಳುವುದಕ್ಕೂ ಬೇಡ.

ನಿಮ್ಮ
ಗುಬ್ಬಿ


ಫೆಬ್ರವರಿ 3

ಪ್ರೀತಿಯ ಗುಬ್ಬಿ,

ನಿನ್ನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಕೈಮಿಷನ್ನಿನವನು ಮಧ್ಯದಲ್ಲೇ ಟೀ ಕುಡಿದು ಬರುತ್ತೇನೆಂದು ಹೋದವನು ಬರಲೇ ಇಲ್ಲ. ಇನ್ನು ಎರಡು ಉಳಿದಿವೆ.

ಮೊನ್ನೆ ಕ್ಯಾಮರಾದವನು ತಮ್ಮ ಸಿಸ್ಟಮ್ ಇರುವ ಒಂದು ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಬೈದುಕೊಂಡು ಬರೋಣವೆಂದೇ ಹೋದವಳು ಬಾಯಿ ಮುಚ್ಚಿಕೊಂಡು ಬಂದೆ. ಕಾರು ಬರುತ್ತದೆ, ಗಂಬ ಏಳುತ್ತದೆ, ಹೋಗುತ್ತದೆ. ಒಂದು ಹಾರ್ನ್ ಇಲ್ಲ, ಜಗಳವಿಲ್ಲ. ಯಾರೂ ಯಾರ ಮೇಲೂ ಕೂಗುವುದಿಲ್ಲ. ಅದೊಂದು ನನಗೆ ಬಹಳ ಹಿಡಿಸಿತು. ಅದನ್ನೇ ಹಾಕಿಸೋಣ ಎಂದುಕೊಂಡಿದ್ದೇನೆ.

ನಿಮ್ಮಣ್ಣ ಮನೆಯಲ್ಲಿರಲಿ. ಇಷ್ಟು ವರ್ಷ ಬಿಸಿಲಲ್ಲಿ ನಿಂತಿದ್ದು ಸಾಕು. ಕ್ಯಾಮರಾದವನು ಅಳತೆ ತೆಗೆಯಲು ಬಂದಾಗ ಅವರು "ನಿನ್ನ ಮಿಷನ್ನಿಗೆ ಮುಖ ನೋಡಿದ್ರೆ ಗೊತ್ತಾಗುತ್ತೇನಪ್ಪಾ?" ಎಂದು ಕೇಳಿದರು. ಅವನು "ಮುಖ ಯಾಕೆ ಸಾರ್, ನಂಬರ್ ಸಾಕು" ಅಂದ. ಇವರು ನಕ್ಕರು. ನನಗೆ ನಗು ಬರಲಿಲ್ಲ.

ನೀನು ಮಾಡಿದ ಉಪಕಾರ ದೊಡ್ಡದು. ನೀನಿಲ್ಲದಿದ್ದರೆ ನಾನು ಟೈ ಕಟ್ಟಿದವರ ಮಾತಿಗೆಲ್ಲ ತಲೆ ಅಲ್ಲಾಡಿಸಿಬಿಡುತ್ತಿದ್ದೆ.

ನಿನ್ನ
ಅತ್ತಿಗೆ


ಫೆಬ್ರವರಿ 12

ಅತ್ತಿಗೆಗೆ,

ಅಣ್ಣ ಮನೆಯಲ್ಲಿರಲಿ ಎಂದು ಬರೆದಿದ್ದೀರಿ. ಅಣ್ಣನನ್ನು ಕೇಳಿದಿರಾ?

ಆ ಸಿಸ್ಟಮ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಒಳ್ಳೆಯದೇ. ಆದರೆ ಅಣ್ಣನನ್ನು ಆ ಕೀ ಹಲಗೆಯ ಮುಂದಿನಿಂದ ಎಬ್ಬಿಸಿ ಮನೆಯ ಗೋಡೆ ನೋಡುತ್ತ ಕೂರಿಸಿದರೆ ಏನಾಗುತ್ತದೆಂದು ಯೋಚಿಸಿದ್ದೀರಾ? ಮಾತಾಡುವುದಕ್ಕೆ ಜನ ಬೇಕು ಅವನಿಗೆ. ದಿನಕ್ಕೆ ಅಷ್ಟು ಜನ ಕೀ ಮಾಮ ಅಂತ ಕರೆಯುವುದು ನಿಂತುಹೋದರೆ ಅವನು ಏನಾಗಿ ಉಳಿಯುತ್ತಾನೆ?

ನಿಮಗೆ ಸಾಕಾಗಿದೆ ಎಂದರೆ ನನಗೆ ಅರ್ಥವಾಗುತ್ತದೆ. ಹಾಗೆಂದು ನೇರವಾಗಿ ಹೇಳಿ. ಮೊಣಕಾಲಿನ ನೆಪ ಬೇಡ.

ಗುಬ್ಬಿ


ಮಾರ್ಚ್ 2

ಗುಬ್ಬಿಗೆ,

ನಿನ್ನ ಕಾಗದ ತಲುಪಿತು. ಕ್ಯಾಮರಾ ಕಂಪನಿಯವರಿಗೆ ಈ ತಿಂಗಳ ಕೊನೆಯಲ್ಲಿ ಮುಂಗಡ ಕೊಡುವುದೆಂದು ಮಾತಾಗಿದೆ. ಅಡ್ಡಗಂಬ ಕೆಂಪು ಬಿಳಿ ಪಟ್ಟೆಯದು. ಕರೆಂಟ್ ಹೋದರೆ ಕೈಯಲ್ಲಿ ಎತ್ತಬಹುದಂತೆ. ಇಲ್ಲಿಯವರೆಗೆ ಸಹಾಯ ಮಾಡಿದ್ದಕ್ಕೆ ಧನ್ಯವಾದ. ನಿಮ್ಮಣ್ಣ ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾರೆ.

ಅತ್ತಿಗೆ


ಮಾರ್ಚ್ 15

ಗುಬ್ಬಿ,

ನಿನ್ನ ಉತ್ತರ ಬರಲಿಲ್ಲ. ನಾನು ಅಷ್ಟು ಒಣಒಣವಾಗಿ ಬರೆದರೆ ಯಾರು ತಾನೇ ಉತ್ತರ ಬರೆಯುತ್ತಾರೆ. ಇವತ್ತು ಎಲ್ಲವನ್ನೂ ಹೇಳಿಬಿಡುತ್ತೇನೆ. ಕೂತುಕೊಂಡು ಓದು.

ನಿಮ್ಮಣ್ಣನ ಮೊಣಕಾಲು ಗಟ್ಟಿಯಾಗೇ ಇದೆ. ಅವರಿಗೆ ಮರೆವು ಬಂದಿದೆ. ಎಲ್ಲರಿಗೂ ಬರುವಂಥದ್ದಲ್ಲ. ಹೋದ ವರ್ಷದಿಂದ ನೋಡುತ್ತಿದ್ದೇನೆ. ಕೈ ಹಲಗೆಯ ಹತ್ತಿರ ಹೋಗಿ ಗಾಳಿಯಲ್ಲೇ ನಿಂತುಬಿಡುತ್ತದೆ. ಆಗ ನಾನು ಬೂತಿನಿಂದ, ಬೇರೆ ಯಾರಿಗೋ ಹೇಳುವವಳ ಹಾಗೆ "ಕೆಂಪು ಕಾರಿನವರು ಬಂದ್ರು ನೋಡಿ, ಮೂಲೇಲಿರೋದು" ಎಂದು ಜೋರಾಗಿ ಹೇಳುತ್ತೇನೆ. ಕೈ ಮುಂದೆ ಹೋಗುತ್ತದೆ. ಹೀಗೆ ದಿನ ತಳ್ಳಿಕೊಂಡು ಬಂದೆ. ಇಡೀ ಅಂಗಳದ ಕಾರುಗಳನ್ನು ನಾನು ಬಾಯಿಪಾಠ ಮಾಡುತ್ತಿದ್ದೆ, ಅವರಿಗೆ ಗೊತ್ತಾಗದ ಹಾಗೆ.

ಹೋದ ವಾರ ಅದು ಕೈಮೀರಿತು. ಮಧ್ಯಾಹ್ನ, ಅಂಗಳ ತುಂಬಿತ್ತು. ಹೆರಿಗೆಯಾದ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಒಬ್ಬ ಬಂದ. ಅವಳ ಮಡಿಲಲ್ಲಿ ಕೂಸು. ನಾನು ಆಡಳಿತದವರು ಕರೆದರೆಂದು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಹಾರ್ನಿನ ಗಲಾಟೆ ಬೀದಿಯವರೆಗೆ ಕೇಳುತ್ತಿತ್ತು. ಒಬ್ಬರ ಕಾರು ಇನ್ನೊಬ್ಬರಿಗೆ ಅಡ್ಡ. ಒಬ್ಬ ಗಾಜಿಳಿಸಿ "ತಲೆ ನೆಟ್ಟಗಿದೆಯೇನ್ರೀ?" ಎಂದು ಕೂಗುತ್ತಿದ್ದ. ನಿಮ್ಮಣ್ಣ ಕಾರುಗಳ ನಡುವೆ ಹೋಗಿ, ವಾಪಸ್ ಬಂದು, ಮತ್ತೆ ಹೋಗಿ, ಕೊನೆಗೆ ಬೂತಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಕೈಯಲ್ಲಿ ಹಿಡಿ ತುಂಬ ಕೀ.

"ಯಾವುದೂ ಗೊತ್ತಾಗ್ತಿಲ್ಲ ಕಣೇ," ಅಂದರು. "ಎಲ್ಲಾ ಒಂದೇ ಥರ ಕಾಣ್ತಿದೆ."

ನನಗೂ ಆ ಹೊತ್ತಿಗೆ ಏನೂ ನೆನಪಾಗಲಿಲ್ಲ ಗುಬ್ಬಿ. ತೋಚಿದ್ದೆಂದರೆ, ಹಲಗೆಯಿಂದ ಒಂದೊಂದೇ ಕೀ ತೆಗೆದು ಅದರ ಗುಂಡಿ ಒತ್ತಿದೆ. ಎಲ್ಲೋ ಒಂದು ಕಾರು ಕೀಂ ಅಂದಿತು. ಅದಲ್ಲ. ಇನ್ನೊಂದು ಒತ್ತಿದೆ. ಅದೂ ಅಲ್ಲ. ಆ ಕೂಸಿನ ಅಪ್ಪ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಅವನು ಪಕ್ಕಕ್ಕೆ ಬಂದು "ಕೊಡಿ ಅಮ್ಮಾ, ನಾನೂ ಒತ್ತುತ್ತೀನಿ" ಅಂದ. ಇಬ್ಬರೂ ಒತ್ತುತ್ತ ಹೋದೆವು. ಅಂಗಳದ ತುಂಬ ಕಾರುಗಳು ಹಕ್ಕಿಗಳ ಹಾಗೆ ಚೀಂವ್ ಚೀಂವ್ ಅನ್ನುತ್ತಿದ್ದವು. ಗಾಲಿಕುರ್ಚಿಯಲ್ಲಿದ್ದವಳು ಹೊಲಿಗೆ ನೋಯುತ್ತೆ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೂಗಾಡುತ್ತಿದ್ದವನು ಗಾಜು ಏರಿಸಿಕೊಂಡ.

ಕಾರು ಸಿಕ್ಕಿತು. ಹೊರಡುವ ಮುಂಚೆ ಅವನು ನಿಮ್ಮಣ್ಣನ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಂಗೂ ಮೂರು ದಿನದಿಂದ ನಿದ್ದೆ ಇಲ್ಲ ಕೀ ಮಾಮ, ನನ್ನ ಕಾರಿನ ಬಣ್ಣ ಕೇಳಿದ್ರೂ ಹೇಳೋಕಾಗ್ತಿರ್ಲಿಲ್ಲ" ಅಂದ. ಅವನು ಯಾರೋ, ಯಾವ ಬೀದಿಯವನೋ. ಅವನ ಹೊಟ್ಟೆ ತಣ್ಣಗಿರಲಿ.

ಯಾರೂ ಕೂಗದ ಸಿಸ್ಟಮ್ ನನಗೆ ಯಾಕೆ ಬೇಕಿತ್ತೆಂದು ಈಗ ತಿಳಿಯಿತಾ? ನಿಮ್ಮಣ್ಣನ ಮೇಲೆ ಯಾರೂ ಕೂಗಬಾರದು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನಿನಗೆ ಹೇಳಿದರೆ ಅಲ್ಲಿ ಒಬ್ಬಳೇ ಕೂತು ಅಳುತ್ತೀಯ ಎಂದು ಮೊಣಕಾಲು ಅಂದೆ. ಮುಂಗಡ ಇನ್ನೂ ಕೊಟ್ಟಿಲ್ಲ. ಕೈ ಓಡುತ್ತಿಲ್ಲ.

ಅತ್ತಿಗೆ


ಮಾರ್ಚ್ 19

ಅತ್ತಿಗೆ,

ನನಗೆ ಗೊತ್ತಿತ್ತು.

ಹೋದ ವರ್ಷ ರಜೆ ಮುಗಿಸಿ ಹೊರಟಾಗ ಬಸ್ ಹತ್ತಿಸಲು ಅಣ್ಣ ಬಂದಿದ್ದನಲ್ಲ, ಬಸ್ ತಡವಾಗಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತು ಅವನೇ ಹೇಳಿದ. "ಗುಬ್ಬಿ, ನಂಗೆ ಕಾರುಗಳು ಮರೆತುಹೋಗ್ತಿವೆ. ನಿಮ್ಮತ್ತಿಗೆ ಪಾಪ, ಯಾರಾದ್ರೂ ಬಂದ್ರೆ ಕಾರಿನ ಬಣ್ಣ ಜೋರಾಗಿ ಕೂಗಿ ಹೇಳ್ತಾಳೆ. ನಂಗೆ ಗೊತ್ತಾಗಿಲ್ಲ ಅಂದ್ಕೊಂಡಿದಾಳೆ. ನಂಗೆ ಗೊತ್ತು ಅಂತ ಅವಳಿಗೆ ಗೊತ್ತಾಗೋದು ಬೇಡ. ಆಮೇಲೆ ನಾಚ್ಕೊಂಡು ಹೇಳೋದು ನಿಲ್ಲಿಸ್ಬಿಟ್ರೆ ನನ್ನ ಗತಿ ಏನು?"

ಹೀಗೆ ಹೇಳಿ ನಕ್ಕುಬಿಟ್ಟ. ಆಮೇಲೆ "ಅವಳಿಲ್ದಿದ್ರೆ ನಾನು ಯಾವತ್ತೋ ಅಂಗಳದಲ್ಲೇ ಕಳೆದುಹೋಗ್ತಿದ್ದೆ" ಅಂದ. ಯಾರಿಗೂ ಹೇಳುವುದಿಲ್ಲವೆಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡ. ನೀವು ಕ್ಯಾಮರಾ ಹಾಕಿಸಿ ಅವನನ್ನು ಮನೆಯಲ್ಲಿ ಕೂರಿಸುತ್ತೇನೆಂದು ಬರೆದಾಗ, ಬಣ್ಣ ಕೂಗಿ ಕೂಗಿ ನಿಮಗೆ ಸಾಕಾಗಿದೆ ಎಂದುಕೊಂಡೆ. ಹೇಳಲೂ ಆಗದೆ, ಬಿಡಲೂ ಆಗದೆ ಸಿಟ್ಟಿನಲ್ಲಿ ಬರೆದೆ. ನೀವು ಅವನನ್ನು ಕಾಯುತ್ತಿದ್ದೀರಿ ಎಂದು ಹೊಳೆಯಲಿಲ್ಲ. ನಿಮ್ಮ ಕಾಗದವನ್ನು ಹಿಡಿದು ಅತ್ತೆ, ನಿಜ. ಆದರೆ ಒಬ್ಬಳೇ ಅಲ್ಲ. ನನ್ನ ಜೊತೆ ಕೆಲಸ ಮಾಡುವವಳು ಬೆಲ್ ನೋಡಿಕೊಂಡು ನನ್ನ ಬೆನ್ನು ಸವರಿದಳು.

ಈಗ ಸಿಸ್ಟಮ್ ವಿಷಯಕ್ಕೆ ಬರೋಣ. ಮೊದಲನೆಯದಾಗಿ ಅಣ್ಣ ಇನ್ನು ಬೇರೆಯವರ ಕಾರು ಓಡಿಸಕೂಡದು. ಕೀ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ. ಗೆರೆ ಎಳೆಸಿ ಸಾಲು ಮಾಡಿ, ಬಂದವರು ತಾವೇ ನಿಲ್ಲಿಸಿಕೊಳ್ಳಲಿ. ಜಾಗದಲ್ಲಿ ಹಿಡಿಸುವ ಕಾರುಗಳು ಕಡಿಮೆಯಾಗುತ್ತವೆ, ಆದರೆ ಯಾರಿಗೂ ಯಾರೂ ಅಡ್ಡವಾಗುವುದಿಲ್ಲ. ಅಡ್ಡವಿಲ್ಲದಿದ್ದರೆ ಅರ್ಧ ಕೂಗಾಟ ಇಲ್ಲ.

ಇಲ್ಲಿ ನನಗೆ ಬರುವ ಬೆಲ್‌ಗಳಲ್ಲಿ ಬಹಳಷ್ಟು ಒಂದೇ ಥರದವು: "ನನ್ನ ಕಾರು ಎಲ್ಲಿಟ್ಟೆ ಗೊತ್ತಾಗ್ತಿಲ್ಲ." ಅದಕ್ಕೊಂದು ಉಪಾಯವಿದೆ. ಸಾಲಿಗೊಂದು ಸಣ್ಣ ಕ್ಯಾಮರಾ, ಬೂತಿನಲ್ಲಿ ಒಂದು ಪರದೆ. ನಂಬರ್ ಒತ್ತಿದರೆ ಕಾರು ಯಾವ ಸಾಲಿನಲ್ಲಿದೆ ಎಂದು ತೋರಿಸುತ್ತದೆ. ನೆನಪಿಟ್ಟುಕೊಳ್ಳುವ ಕೆಲಸ ಅದು ಮಾಡಲಿ. ಜನರನ್ನು ಮಾತಾಡಿಸಿ, ಜೊತೆಯಲ್ಲಿ ನಡೆದು ಕಾರಿನವರೆಗೆ ಬಿಟ್ಟುಬರುವ ಕೆಲಸ ಅಣ್ಣನಿಗಿರಲಿ. ಅದನ್ನು ಅವನಷ್ಟು ಚೆನ್ನಾಗಿ ಮಾಡುವವರನ್ನು ನಾನು ನೋಡಿಲ್ಲ. "ವಿಚಾರಿಸಿ ಹೇಳ್ತೀನಿ" ಅನ್ನುವವರ ಹತ್ತಿರ ಇದು ಇದೆಯಾ ಕೇಳಿ.

ಮತ್ತೆ, ಅವನನ್ನು ಡಾಕ್ಟರಿಗೆ ತೋರಿಸಿ. ಬೇಕಾದರೆ ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಒಂದು ಮಾತು ಹೇಳಿ ಸಾಕು.

ನಿಮ್ಮ
ಗುಬ್ಬಿ


ಏಪ್ರಿಲ್ 6

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಓದಿ ಮೊದಲು ಕೋಪ ಬಂತು. ಅಣ್ಣ ತಂಗಿ ಸೇರಿ ನನ್ನನ್ನು ಪೆದ್ದಿ ಮಾಡಿದಿರಲ್ಲ ಅಂತ. ಕೋಪದಲ್ಲೇ ತರಕಾರಿ ಹೆಚ್ಚುತ್ತಿದ್ದೆ. ಅವರು ಬಂದು ಎದುರಿಗೆ ಕೂತರು. ನಾನು ತಲೆ ಎತ್ತದೆ "ನಾನು ಬಣ್ಣ ಕೂಗೋದು ನಿಮಗೆ ಗೊತ್ತಿತ್ತಂತೆ" ಅಂದೆ.

ಅವರು ಹೆಚ್ಚಿದ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡರು. ಆಮೇಲೆ "ಬಿಳಿ ಕಾರು ಬಂದಾಗ ಮಾತ್ರ ಕಷ್ಟ ಆಗ್ತಿತ್ತು ಕಣೇ. ಎಲ್ಲಾರ್ದೂ ಬಿಳೀನೇ" ಅಂದರು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ನಾನು ಅತ್ತೆ. ಅವರು ಟವೆಲ್ ತಂದುಕೊಟ್ಟು, ಅರ್ಧ ಹೆಚ್ಚಿದ್ದ ತರಕಾರಿಯನ್ನು ತಾವೇ ಹೆಚ್ಚಿ ಮುಗಿಸಿದರು. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಹೊರೆಯನ್ನು ಬೇರೆ ಬೇರೆ ಹೊತ್ತುಕೊಂಡು ಓಡಾಡುತ್ತಿದ್ದೆವು. ಕೆಳಗಿಳಿಸಲು ನೀನು ಬೇಕಾಯಿತು.

ಡಾಕ್ಟರಿಗೆ ತೋರಿಸಿದೆವು. ನಮ್ಮಲ್ಲೇ ಕಾರು ನಿಲ್ಲಿಸುವ ಡಾಕ್ಟರಮ್ಮ. ಕಾಯುವವರ ಸಾಲಿದ್ದರೂ ತಾವೇ ಹೊರಗೆ ಬಂದು "ಬನ್ನಿ ಕೀ ಮಾಮ" ಎಂದು ಕರೆದುಕೊಂಡು ಹೋದರು. ಏನೂ ಮುಚ್ಚಿಡದೆ ಹೇಳಿದರು. ಹೋದದ್ದು ವಾಪಸ್ ಬರುವುದಿಲ್ಲ, ಮಾತ್ರೆಯಿಂದ ನಿಧಾನವಾಗಬಹುದು. ಜನರ ಜೊತೆ ಇರುವುದು, ನಡೆಯುವುದು ಒಳ್ಳೆಯದು, ಮೂಲೆಯಲ್ಲಿ ಕೂರಿಸಬೇಡಿ ಅಂದರು. ಆಗ ನಿನ್ನ ಸಿಟ್ಟಿನ ಕಾಗದ ನೆನಪಾಯಿತು. ನೀನು ಹೇಳಿದ್ದೂ ಅದನ್ನೇ.

ಕ್ಯಾಮರಾದವನಿಗೆ ಬೇಡವೆಂದು ಹೇಳಿದೆ. "ವಿಚಾರಿಸಿ ಹೇಳ್ತೀನಿ"ಯವರು ನಿಜವಾಗಿಯೂ ವಿಚಾರಿಸಿ ಬಂದು ಹೇಳಿದರು: ಸಾಲಿನ ಕ್ಯಾಮರಾ ಸಿಗುತ್ತದೆ, ಪರದೆಯ ಅಕ್ಷರ ದೊಡ್ಡದು ಮಾಡಿಕೊಡುತ್ತಾರೆ, ರಿಪೇರಿಯವನ ಮನೆ ನಮ್ಮ ಹಿಂದಿನ ಬೀದಿಯಲ್ಲೇ. ಆಡಳಿತಾಧಿಕಾರಿಗೆ ನಕ್ಷೆ ತೋರಿಸಿದೆ. ಕಾರು ಕಡಿಮೆಯಾಗುತ್ತವಲ್ಲ ಅಂದರು. ಆಂಬ್ಯುಲೆನ್ಸಿಗೆ ದಾರಿ ಸದಾ ಖಾಲಿ ಇರುತ್ತದೆ ಅಂದೆ. ಮೆತ್ತಗೆ ಒಪ್ಪಿಕೊಂಡರು. ಈ ಸಲ ಭಯವಾಗಲಿಲ್ಲ.

ಕೀ ಹಲಗೆಯನ್ನು ಅವರೇ ಇಳಿಸಿದರು. ನಾನು ಸ್ಟೂಲ್ ಅಲ್ಲಾಡದ ಹಾಗೆ ಹಿಡಿದುಕೊಂಡೆ.

ನಿನ್ನ
ಅತ್ತಿಗೆ


ಏಪ್ರಿಲ್ 14

ಪ್ರೀತಿಯ ಅತ್ತಿಗೆ,

ಕಾಗದ ಓದಿ ಹಗುರವಾಯಿತು. ಶುರುವಿನ ವಾರದಲ್ಲಿ ಸಿಸ್ಟಮ್ ಕೈಕೊಡುತ್ತದೆ, ಹೆದರಬೇಡಿ. ಎಲ್ಲ ಕಡೆ ಹಾಗೇ. ಗೇಟಿನ ಗುಂಡಿಯ ಬೆಲ್ ನಿಮ್ಮ ಬೂತಿಗೇ ಬರುವ ಹಾಗೆ ಹಾಕಿಸಿ, ದೂರದ ಯಾವುದೋ ಆಫೀಸಿಗಲ್ಲ.

ನಮ್ಮ ಮನೆಗೆ ನೀವು ಬಂದದ್ದು ಅಣ್ಣನ ಪುಣ್ಯ ಎಂದು ಅಮ್ಮ ಹೇಳುತ್ತಿದ್ದಳು. ನನ್ನ ಪುಣ್ಯವೂ ಹೌದು. ಇದನ್ನು ಫೋನಿನಲ್ಲಿ ಹೇಳಿದರೆ ನೀವು "ಸಾಕು ಸುಮ್ನಿರೇ" ಅಂತೀರಿ. ಅದಕ್ಕೇ ಬರೆದೆ.

ನಿಮ್ಮ
ಗುಬ್ಬಿ


ಜೂನ್ 21

ಪ್ರೀತಿಯ ಗುಬ್ಬಿ,

ಸಾಕು ಸುಮ್ನಿರೇ.

ಸಿಸ್ಟಮ್ ಓಡುತ್ತಿದೆ. ನೀನು ಹೇಳಿದ ಹಾಗೇ ಮೊದಲ ವಾರ ಪೆಟ್ಟಿಗೆ ಚೀಟಿಯನ್ನು ಅರ್ಧ ಹೊರಗೆ ಹಾಕಿ ಮತ್ತೆ ಎಳೆದುಕೊಳ್ಳುತ್ತಿತ್ತು. ರಿಪೇರಿಯವನು ಊಟದ ಕೈ ತೊಳೆದು ಓಡಿಬಂದ. ಆಮೇಲೆ ಇನ್ನೊಂದು ತಕರಾರು. ಕಾರು ಹೊರಗೆ ಹೋಗುವಾಗ ಯಂತ್ರ "ಧನ್ಯವಾದಗಳು, ಮತ್ತೆ ಬನ್ನಿ" ಅನ್ನುತ್ತಿತ್ತು. ನಿಮ್ಮಣ್ಣ ಕೇಳಿ ಕೇಳಿ ಕಂಪನಿಯವರನ್ನು ಹಿಡಿದು ನಿಲ್ಲಿಸಿದರು. "ಆಸ್ಪತ್ರೆಗೆ ಬಂದೋರಿಗೆ ಮತ್ತೆ ಬನ್ನಿ ಅಂತಾರೇನಯ್ಯಾ?" ಅವರು ವಿಚಾರಿಸಿ ಹೇಳುತ್ತೇನೆ ಅನ್ನದೆ ಅವತ್ತೇ ಬದಲಾಯಿಸಿದರು. ಈಗ ಅದು "ಹುಷಾರಾಗಿ ಹೋಗಿ" ಅನ್ನುತ್ತದೆ.

ನಿಮ್ಮಣ್ಣ ಪರದೆಯ ಮುಂದೆ ಕೂರುತ್ತಾರೆ. ಒಳ್ಳೆಯ ದಿನವೂ ಇದೆ, ಮಂಕು ದಿನವೂ ಇದೆ. ಮಂಕು ದಿನ ನಾನು ನಂಬರ್ ಒತ್ತುತ್ತೇನೆ, ಅವರು ನಡೆದು ಹೋಗಿ ಬಿಟ್ಟುಬರುತ್ತಾರೆ. ಈಗ ಮುಚ್ಚುಮರೆಯಿಲ್ಲ. "ಏನೇ, ಯಾವ ಸಾಲು?" ಎಂದು ನಡುರಸ್ತೆಗೆ ಕೇಳುವ ಹಾಗೆ ಕೂಗುತ್ತಾರೆ, ನಾನೂ ಕೂಗುತ್ತೇನೆ.

ನಿನ್ನೆ ನಡೆದದ್ದು ಹೇಳಬೇಕು. ಒಬ್ಬ ಟೀಚರಮ್ಮ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು, ಒಳಗೆ ಯಾರಿಗೋ ಹುಷಾರಿಲ್ಲ. ಕಾರು ಎಲ್ಲಿಟ್ಟೆನೆಂದು ಗೊತ್ತಿಲ್ಲ, ಕಾರಿನ ನಂಬರೂ ತಲೆಗೆ ಬರುತ್ತಿಲ್ಲ ಎಂದು ಬೂತಿನ ಮುಂದೆ ನಿಂತು ಮೆಲ್ಲಗೆ ಹೇಳಿದರು, ತಪ್ಪು ಮಾಡಿದವರ ಹಾಗೆ. ಪರದೆ ತಾನೇ ಏನು ಮಾಡೀತು? ಅಷ್ಟರಲ್ಲಿ ನಿಮ್ಮಣ್ಣ ಎದ್ದು ಹೊರಗೆ ಹೋಗಿದ್ದರು.

"ಅದಕ್ಕೇನಮ್ಮಾ, ನಂಗೂ ಎಲ್ಲಾ ಮರೆತುಹೋಗುತ್ತೆ," ಅಂದರು. "ಬನ್ನಿ, ಇಬ್ರೂ ಸೇರಿ ಹುಡುಕೋಣ."

ಹೋದರು. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ತಿರುಗಿದರು. ನಾನು ಬೂತಿನಿಂದ ನೋಡುತ್ತಿದ್ದೆ. ಅವರು ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಆ ತುದಿಗೆ ಹೋಗುವ ಹೊತ್ತಿಗೆ ಆಕೆ ಕಣ್ಣೊರೆಸಿಕೊಂಡು ಏನೋ ಹೇಳುತ್ತಿದ್ದರು, ಇವರು ತಲೆಯಾಡಿಸುತ್ತಿದ್ದರು. ಕಾರು ಸಿಕ್ಕಿತು. ಹೊರಗೆ ಹೋಗುವಾಗ ಆಕೆ ಗಾಜಿಳಿಸಿ ಇವರಿಗೆ ಕೈಮುಗಿದರು.

ವಾಪಸ್ ಬಂದು ಕೂತು, ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ "ಈಗ ಬಂದಿದ್ರಲ್ಲ, ಯಾರದು?" ಎಂದು ಕೇಳಿದರು.

"ಯಾರೋ ಟೀಚರಮ್ಮ," ಅಂದೆ. "ಅವರ ಕಾರು ಹುಡುಕಿಕೊಟ್ರಿ. ಕೈಮುಗಿದು ಹೋದ್ರು."

"ಹೌದಾ? ಒಳ್ಳೇದಾಯ್ತು," ಅಂದರು, ಸಂತೋಷವಾಗಿ.

ನಿನ್ನ
ಅತ್ತಿಗೆ